ಕಡಲ ದಂಡೆಯ ಊರಿನಲ್ಲಿ ನೆರೆಕರೆ ಸಂಘದ ಪಾತ್ರ

(ಇಗರ್ಜಿಯ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನೂರು ವರ್ಷಗಳ ಹಬ್ಬದ ಈ ಸಂಭ್ರಮದಲ್ಲಿ ಮಾತನಾಡುವ ಅವಕಾಶವನ್ನು ನನ್ನಂಥ ಸಾಮಾನ್ಯನಿಗೆ ಒದಗಿಸಿದುದಕ್ಕಾಗಿ ಶತಮಾನೋತ್ಸವ ಸಮಿತಿಗೆ ನಾನು ಋಣಿಯಾಗಿದ್ದೇನೆ. ನಾನು ವಿದ್ವಾಂಸನಲ್ಲ, ವಾಗ್ಮಿಯೂ ಅಲ್ಲ. ಹೊಟ್ಟೆಪಾಡಿಗಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಮುಂಬಯಿಯಲ್ಲಿ ದುಡಿದು, ನಿವೃತ್ತನಾದ ಬಳಿಕ ಹಿರಿಯರ ಮನೆಗೆ ಮರಳಿದವನು. ಈ ಕರಾವಳಿಯ ಎಷ್ಟೋ ಕ್ರೈಸ್ತ ಮನೆಗಳ ಚರಿತ್ರೆಯೂ ಇದೇ ಆದುದರಿಂದ ನನ್ನ ಮಾತು ನಿಮಗೆ ಅಪರಿಚಿತವೆನಿಸದು ಎಂಬ ಧೈರ್ಯ ನನಗಿದೆ.

‘ಕಡಲ ದಂಡೆಯ ಊರಿನಲ್ಲಿ ನೆರೆಕರೆ ಸಂಘದ ಪಾತ್ರ’ ಎಂಬ ವಿಷಯವನ್ನು ಸಮಿತಿಯವರು ನನಗೆ ಕೊಟ್ಟಾಗ, ಹಬ್ಬದ ಸಭೆಗೆ ಇದು ತಕ್ಕ ವಿಷಯವೇ ಎಂಬ ಸಂದೇಹ ನನ್ನನ್ನು ಕಾಡಿತು. ಆದರೆ ನಿನ್ನೆ ಸಂಜೆ ಕಡಲ ಬದಿಗೆ ನಡೆದು ಹೋದಾಗ ಸಂದೇಹ ನೀಗಿತು. ನಾನು ಬಾಲಕನಾಗಿದ್ದಾಗ ದೋಣಿಗಳನ್ನು ಎಳೆದಿಡುತ್ತಿದ್ದ ಹೊಯಿಗೆಯ ದಿಬ್ಬ ಈಗ ಅಲ್ಲಿಲ್ಲ. ತೆಂಗಿನ ಮರಗಳ ಮೊದಲ ಸಾಲಿಲ್ಲ, ಎರಡನೆಯ ಸಾಲಿನ ಬೇರುಗಳು ಗಾಳಿಗೆ ತೆರೆದುಕೊಂಡಿವೆ. ದಂಡೆಯುದ್ದಕ್ಕೂ ಇರುವ ಮನೆಗಳಲ್ಲಿ ಹಲವಕ್ಕೆ ಬೀಗ ಬಿದ್ದಿದೆ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ, ಮುದುಕರು ಒಬ್ಬಂಟಿಗರಾಗಿದ್ದಾರೆ. ನೂರು ವರ್ಷ ಬಾಳಿದ ಧರ್ಮಕೇಂದ್ರವು ಮುಂದಿನ ನೂರು ವರ್ಷಗಳ ವಿಚಾರ ಮಾಡುವುದಾದರೆ, ಕಾಲಿನ ಕೆಳಗಿನ ನೆಲದ ವಿಚಾರವನ್ನೂ ಮಾಡಲೇಬೇಕು.

ಮಾನ್ಯರೇ, ಸಂಘವೆಂಬುದು ಪಟ್ಟಣದಿಂದ ಬಂದ ಹೊಸ ವಸ್ತುವೆಂದು ಹಲವರು ಭಾವಿಸಿದ್ದಾರೆ. ಇದು ಸರಿಯಲ್ಲ. ಮೊಗವೀರರ ಊರುಗಳಲ್ಲಿ ಗುರಿಕಾರರ ಮುಂದಾಳುತನದ ಸಭೆ ತಲೆತಲಾಂತರದಿಂದ ಬಂದುದು. ನಮ್ಮಲ್ಲಿಯೂ ವಾಳೆಗೊಬ್ಬ ಗುರ್ಕಾರನಿದ್ದಾನೆ; ಎರಡು ಸಮುದಾಯಗಳೂ ಒಂದೇ ಮೂಲದ ಮಾತನ್ನು ಹಂಚಿಕೊಂಡಿರುವುದು ನಾವು ಮರೆಯಬಾರದ ಸಂಗತಿ. ಇನ್ನು ರಂಪಣಿಯನ್ನು ನೆನೆಯಿರಿ. ಆ ದೊಡ್ಡ ದಡಬಲೆಯನ್ನು ಯಾವ ಒಂದು ಮನೆಯೂ ತಾನಾಗಿಯೇ ಎಳೆಯಲು ಸಾಧ್ಯವಿರಲಿಲ್ಲ. ಹತ್ತಾರು ಮಂದಿ ಎರಡೂ ತುದಿಗಳಲ್ಲಿ ನಿಂತು ಹಗ್ಗ ಹಿಡಿಯಬೇಕಿತ್ತು. ಬಂದ ಬಂಗುಡೆ, ಬೂತಾಯಿಗಳನ್ನು ಬಲೆಯ ಪಾಲು, ದೋಣಿಯ ಪಾಲು, ಎಳೆದವರ ಪಾಲು ಎಂದು ಎಲ್ಲರ ಕಣ್ಣೆದುರಿಗೇ ಹಂಚಬೇಕಿತ್ತು. 1970ರ ದಶಕದ ನಡುವಿನಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಕರ್ನಾಟಕದ ಕಡಲಿಗಿಳಿಯಿತು. ಮೀನಿನ ಹಿಂಡನ್ನು ದಡ ಸೇರುವ ಮೊದಲೇ ನಡುನೀರಿನಲ್ಲಿ ಸುತ್ತುವರಿಯುವ ಬಲೆ ಅದು. ಕೆಲವೇ ವರ್ಷಗಳಲ್ಲಿ ರಂಪಣಿ ಕಣ್ಮರೆಯಾಗುತ್ತ ಬಂತು. ಬಲೆಯೊಂದಿಗೆ, ಮುಂಜಾನೆ ದಂಡೆಯಲ್ಲಿ ಊರೇ ಸೇರುತ್ತಿದ್ದ ರೂಢಿಯೂ ಹೋಯಿತು. ಮೀನಿನ ನಷ್ಟವನ್ನು ಲೆಕ್ಕ ಹಾಕಿದವರುಂಟು. ಕೂಡಿ ನಿಲ್ಲುವ ಅಭ್ಯಾಸದ ನಷ್ಟವನ್ನು ಯಾರೂ ಲೆಕ್ಕ ಹಾಕಲಿಲ್ಲ.

ಕಡಲ ದಂಡೆಗೆ ಈ ಅಭ್ಯಾಸ ಬೇರೆಡೆಗಿಂತ ಹೆಚ್ಚು ಅವಶ್ಯವೇಕೆ? ಗದ್ದೆಯ ಊರಿನಲ್ಲಿ ನನ್ನ ಬೇಲಿ ನನ್ನದು, ನಿಮ್ಮ ಬೇಲಿ ನಿಮ್ಮದು. ಕಡಲು ಬೇಲಿಯನ್ನು ಲೆಕ್ಕಿಸುವುದಿಲ್ಲ. ಮಳೆಗಾಲದ ಎತ್ತರದ ಅಲೆಗಳು ದಂಡೆಯ ಹೊಯಿಗೆಯನ್ನು ಕೊರೆದು ಒಳಗೊಯ್ಯುತ್ತವೆ. ಮಳೆ ಮುಗಿದ ಮೇಲೆ ಶಾಂತವಾದ ಅಲೆಗಳು ಅದರಲ್ಲಿ ಬಹುಪಾಲನ್ನು ಮರಳಿ ತಂದಿಡುತ್ತವೆ. ಈ ಕೊಡುಕೊಳುವಿಕೆಯ ನಡುವೆ ಒಬ್ಬನು ತನ್ನ ಮನೆಯ ಮುಂದೆ ಮಾತ್ರ ಕಲ್ಲಿನ ಗೋಡೆ ಕಟ್ಟಿದನೆನ್ನಿ. ಗೋಡೆಗೆ ಬಡಿದ ಅಲೆ ಬುಡದ ಹೊಯಿಗೆಯನ್ನು ಇನ್ನಷ್ಟು ಕೊರೆಯುತ್ತದೆ; ಗೋಡೆ ಮುಗಿಯುವ ತುದಿಯಲ್ಲಿ ನೆರೆಯವನ ಹಿತ್ತಲನ್ನು ಕಚ್ಚುತ್ತದೆ. ಆಗ ನೆರೆಯವನೂ ಗೋಡೆ ಕಟ್ಟುತ್ತಾನೆ, ಕೊರೆತ ಆಚೆಯವನ ಮನೆಗೆ ಹೋಗುತ್ತದೆ. ಅಳಿವೆಯ ಬಾಯಲ್ಲಿ ಹೊಯಿಗೆ ತೆಗೆದರೂ, ಬಂದರಿಗಾಗಿ ಕಡಲೊಳಗೆ ಕಲ್ಲಿನ ದಿಬ್ಬ ಚಾಚಿದರೂ ಫಲ ಇಂಥದೇ. ಒಂದೆಡೆ ಹೊಯಿಗೆ ತುಂಬಿದರೆ ಇನ್ನೊಂದೆಡೆ ಬರಿದಾಗುತ್ತದೆ. ಹೀಗೆ ಒಬ್ಬನ ರಕ್ಷಣೆಯೇ ಇನ್ನೊಬ್ಬನ ವಿನಾಶವಾಗುವ ಸ್ಥಳದಲ್ಲಿ ಎಲ್ಲರೂ ಒಂದು ಜಗಲಿಯ ಮೇಲೆ ಕುಳಿತು ತೀರ್ಮಾನಿಸುವುದಲ್ಲದೆ ಬೇರೆ ಉಪಾಯವಿಲ್ಲ.

ಸಂಘವೆಂದರೇನೆಂಬುದನ್ನು ಸ್ಪಷ್ಟಪಡಿಸುವುದು ಇಲ್ಲಿ ಉಚಿತ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಏಳು ಮಂದಿ ಒಂದುಗೂಡಿ ಉದ್ದೇಶವನ್ನು ಬರೆದು ಸಹಿ ಹಾಕಿದರೆ ಸಂಘವೊಂದನ್ನು ನೋಂದಾಯಿಸಬಹುದು. ವರ್ಷಕ್ಕೊಮ್ಮೆ ಮಹಾಸಭೆ ಕರೆಯಬೇಕು, ಲೆಕ್ಕಪತ್ರವನ್ನು ಒಪ್ಪಿಸಬೇಕು. ಲಾಭರಹಿತ ಎಂಬ ಮಾತಿಗೆ ಹಣವಿಲ್ಲದ ಸಂಘವೆಂದು ಅರ್ಥವಲ್ಲ. ಉಳಿದ ಹಣವನ್ನು ಸದಸ್ಯರು ತಮ್ಮೊಳಗೆ ಹಂಚಿಕೊಳ್ಳುವಂತಿಲ್ಲ, ಸಂಘ ಮುಚ್ಚಿದರೂ ಮಿಕ್ಕಿದ್ದು ಸದಸ್ಯರ ಜೇಬಿಗೆ ಬೀಳುವಂತಿಲ್ಲ ಎಂಬುದೇ ಅದರ ತಿರುಳು.

ಈ ಸಂಘ ಪಂಚಾಯತಿಗೆ ಬದಲಿಯಲ್ಲ. ರಸ್ತೆ, ನೀರು, ದೀಪಗಳ ಹೊಣೆ ಪಂಚಾಯತಿಯದೇ. ಆದರೆ ಯಾವ ಮನೆಯಲ್ಲಿ ಎದ್ದು ನಡೆಯಲಾರದ ವೃದ್ಧೆಯಿದ್ದಾಳೆ, ಯಾವ ತೋಡಿಗೆ ಕಸ ಕಟ್ಟಿದೆ, ಯಾವ ಓಣಿಯಲ್ಲಿ ಉಬ್ಬರದ ನೀರು ಮೊದಲು ಏರುತ್ತದೆ ಎಂಬುದನ್ನು ಬಲ್ಲವರು ನೆರೆಕರೆಯವರೇ. ಸಣ್ಣ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಅಧಿಕಾರವು ಕಸಿದುಕೊಳ್ಳಬಾರದೆಂದೂ, ಸಣ್ಣವರಿಂದ ಆಗದುದಕ್ಕೆ ದೊಡ್ಡವರು ನೆರವಾಗಬೇಕೆಂದೂ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು 1931ರ ತಮ್ಮ ವಿಶ್ವಪರಿಪತ್ರದಲ್ಲಿ ಬೋಧಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸರು ಭೂಮಿಯ ಪಾಲನೆಯನ್ನು ಕುರಿತು ಬರೆದ ಪರಿಪತ್ರದಲ್ಲಿಯೂ, ಎಲ್ಲರೂ ರಾಜಕೀಯಕ್ಕೆ ಇಳಿಯಬೇಕಾಗಿಲ್ಲ, ಒಂದು ಸಾರ್ವಜನಿಕ ಸ್ಥಳವನ್ನು ಕೂಡಿ ಕಾಪಾಡುವ ಸಂಘಟನೆಯೂ ಸಮಾಜಕ್ಕೆ ಸಲ್ಲಿಸುವ ಸೇವೆಯೇ ಎಂಬ ಭಾವವಿದೆ.

ಮುಂಬಯಿಯ ಕೆಲವು ಸಂಗತಿಗಳನ್ನು ಹೇಳುತ್ತೇನೆ. ನಮ್ಮವರ ಎಷ್ಟೋ ಕುಟುಂಬಗಳು ನೆಲೆಸಿರುವ ಬಾಂದ್ರಾದ ಕಡಲಂಚಿನಲ್ಲಿ 1640ರಲ್ಲಿ ಪೋರ್ತುಗೀಜರು ಕಟ್ಟಿಸಿದ ಸಣ್ಣ ಕೋಟೆಯೊಂದಿದೆ. ಅದು ಹಾಳು ಬೀಳುತ್ತಿದ್ದಾಗ, 2003ರಲ್ಲಿ ಅದನ್ನು ಉಳಿಸುವ ಕಾರ್ಯಕ್ಕೆ ಮುಂದಾದವರು ಬ್ಯಾಂಡ್‌ಸ್ಟ್ಯಾಂಡ್ ನಿವಾಸಿಗಳೇ ರಚಿಸಿಕೊಂಡ ನ್ಯಾಸದವರು. ಅಲ್ಲಿಯ ದಂಡೆಯ ಕಾಲುದಾರಿಯನ್ನು ವಾಸ್ತುಶಿಲ್ಪಿ ಪಿ. ಕೆ. ದಾಸ್ ಅವರು ಯಾರು ಬೇಕಾದರೂ ಬಂದು ಕುಳಿತುಕೊಳ್ಳಬಹುದಾದ ತಾಣವಾಗಿ ರೂಪಿಸಿದರು. 1997ರಲ್ಲಿ ಮುಂಬಯಿ ಮಹಾನಗರಪಾಲಿಕೆಯು ಒಂದೊಂದು ಬೀದಿಯ ನಿವಾಸಿಗಳನ್ನು ಗುಂಪುಗೂಡಿಸಿ, ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸುವ ಏರ್ಪಾಡನ್ನು ಆರಂಭಿಸಿತು. ಅದಕ್ಕೆ ಮಾದರಿಯಾದುದು ಘಾಟ್‌ಕೋಪರಿನ ಒಂದು ಸಣ್ಣ ಓಣಿ.

ವರ್ಸೋವಾದ ವಿಷಯ ಇನ್ನೂ ಗಮನಾರ್ಹ. 2015ರ ಅಕ್ಟೋಬರಿನಲ್ಲಿ ಅಫ್ರೋಜ್ ಶಾ ಎಂಬ ಯುವ ವಕೀಲರು, ಎಂಬತ್ತು ದಾಟಿದ ನೆರೆಯವರೊಬ್ಬರನ್ನು ಜೊತೆಗೂಡಿಕೊಂಡು ಅಲ್ಲಿಯ ದಂಡೆಯ ಕಸ ಹೆಕ್ಕತೊಡಗಿದರು. ಇಬ್ಬರಿಂದ ಆರಂಭವಾದ ಕೆಲಸಕ್ಕೆ ನಿವಾಸಿಗಳೂ, ಕೋಳಿ ಮೀನುಗಾರರೂ, ಶಾಲಾ ಮಕ್ಕಳೂ ಸೇರಿದರು. 2017ರ ಮೇ ತಿಂಗಳ ಹೊತ್ತಿಗೆ ಅವರು ತೆಗೆದ ಕಸ 50 ಲಕ್ಷ ಕಿಲೋಗ್ರಾಮನ್ನು ಮೀರಿತ್ತು. ನಡುವೆ ಕಿರುಕುಳ, ಉದಾಸೀನಗಳಿಂದ ಬೇಸತ್ತು ಕೆಲಸ ಸ್ವಲ್ಪ ಕಾಲ ನಿಂತದ್ದೂ ಉಂಟು. ಅವರು ಮತ್ತೆ ಕೈಹಚ್ಚಿದರು. 2018ರ ಮಾರ್ಚಿನಲ್ಲಿ, ಸುಮಾರು ಇಪ್ಪತ್ತು ವರ್ಷಗಳ ಬಳಿಕ, ಆಲಿವ್ ರಿಡ್ಲಿ ಕಡಲಾಮೆಯ ಮರಿಗಳು ಆ ಹೊಯಿಗೆಯಿಂದ ಎದ್ದು ನೀರಿಗಿಳಿದುವು. ಇದು ಸರಕಾರದ ಆಜ್ಞೆಯಿಂದ ಆದ ಕಾರ್ಯವಲ್ಲ. ವಾರ ವಾರವೂ ತಪ್ಪದೆ ಬಂದವರಿಂದ ಆಯಿತು.

ಆದರೆ ಸಹೋದರರೇ, ಸಂಘವೆಂದೊಡನೆ ಎಲ್ಲವೂ ಶುಭವೆಂದು ನಾನು ಹೇಳಲಾರೆ. ಇದನ್ನು ನನ್ನದೇ ತಪ್ಪಿನಿಂದ ಕಲಿತಿದ್ದೇನೆ. ಊರಿಗೆ ಮರಳಿದ ಹೊಸದರಲ್ಲಿ ನಾವು ಕೆಲವರು ದಂಡೆಯ ಮನೆಯವರು ಸೇರಿ ಸಂಘವೊಂದನ್ನು ಕಟ್ಟಿದೆವು. ಸದಸ್ಯತ್ವಕ್ಕೆ ಸ್ವಂತ ಮನೆ ಇರಬೇಕೆಂಬ ನಿಯಮ ಮಾಡಿದೆವು, ಕಾರ್ಯದರ್ಶಿ ನಾನೇ. ರಜಾದಿನಗಳಲ್ಲಿ ಪೇಟೆಯಿಂದ ಬರುವ ಗುಂಪುಗಳು ಬಾಟಲಿ ಒಡೆದು ಹೋಗುತ್ತಿದ್ದುದರಿಂದ ರೋಸಿಹೋಗಿ, ಕಡಲಿಗಿಳಿಯುವ ಓಣಿಗೆ ಕಬ್ಬಿಣದ ಗೇಟು ಹಾಕಿಸಿದೆವು. ಓಣಿ ಯಾರ ಸ್ವತ್ತೂ ಆಗಿರಲಿಲ್ಲ. ಮೀನಿನ ಬುಟ್ಟಿ ಹೊತ್ತ ಹೆಂಗಸರು ಮೂರು ತಲೆಮಾರಿನಿಂದ ಅದೇ ದಾರಿಯಲ್ಲಿ ಮೇಲೆ ಬರುತ್ತಿದ್ದರು. ಈಗ ಅವರು ಅರ್ಧ ಮೈಲಿ ಸುತ್ತಬೇಕಾಯಿತು. ಯಾರೂ ಜಗಳಕ್ಕೆ ಬರಲಿಲ್ಲ. ಬಾರದಿದ್ದುದನ್ನು ನಾವು ಒಪ್ಪಿಗೆಯೆಂದು ತಿಳಿದೆವು.

ಆ ವರ್ಷ ಆಷಾಢದ ಒಂದು ರಾತ್ರಿ ಕಡಲು ಉಕ್ಕಿ ಕೊನೆಯ ಮನೆಯ ಹಿತ್ತಲಿಗೆ ನುಗ್ಗಿತು. ಆ ಮನೆಯಲ್ಲಿದ್ದುದು ಅಜ್ಜ ಅಜ್ಜಿ ಇಬ್ಬರೇ. ನಾನು ಮಗಳ ಮನೆಗೆಂದು ಪೇಟೆಗೆ ಹೋಗಿದ್ದೆ; ಗೇಟಿನ ಕೀಲಿಕೈ ನನ್ನ ಜೇಬಿನಲ್ಲಿತ್ತು. ಹೊಯಿಗೆ ತುಂಬಿದ ಚೀಲಗಳನ್ನು ಹೊತ್ತು ಬಂದವರು, ನಾವು ಸದಸ್ಯತ್ವ ನಿರಾಕರಿಸಿದ್ದ ಮೀನುಗಾರರ ಮನೆಯ ಹುಡುಗರೇ. ಅವರು ಕಲ್ಲಿನಿಂದ ಬೀಗ ಒಡೆದು ಒಳಗೆ ಹೋಗಿ, ಹಿರಿಯರಿಬ್ಬರನ್ನೂ ಹೊತ್ತು ತಂದು ರಕ್ಷಿಸಿದರು. ದನದ ಕೊಟ್ಟಿಗೆ, ಬಾವಿಕಟ್ಟೆ ಎರಡೂ ಕಡಲ ಪಾಲಾದವು. ಮರುದಿನ ನಾನು ಬಂದಾಗ, ದಿನಾಲೂ ನಮ್ಮ ಮನೆಗೆ ಮೀನು ತರುತ್ತಿದ್ದ ಹಿರಿಯ ಹೆಂಗಸು ನನ್ನನ್ನು ಕಂಡು, “ಪೊರ್ಬುಗಳೇ, ಬೀಗದ ದುಡ್ಡು ಎಷ್ಟಾಯಿತು ಹೇಳಿ, ನಮ್ಮ ಹುಡುಗರು ಕೊಡುತ್ತಾರೆ” ಎಂದಳು. ಅವಳು ವ್ಯಂಗ್ಯವಾಡಿದ್ದಲ್ಲ, ನಿಜವಾಗಿಯೇ ಕೇಳಿದ್ದು. ಆ ಮಾತಿಗೆ ಉತ್ತರ ಕೊಡಲು ನನಗೆ ಈ ತನಕವೂ ಆಗಿಲ್ಲ.

ಮುಂದಿನ ಮಹಾಸಭೆಯಲ್ಲಿ ಗೇಟನ್ನು ಕೀಳಿಸಿದೆವು. ಮನೆಯೊಡೆಯರಲ್ಲದೆ ಬಾಡಿಗೆಯವರೂ, ದಂಡೆಯಲ್ಲಿ ದುಡಿಯುವವರೂ ಸದಸ್ಯರಾಗಬಹುದೆಂದು ನಿಯಮ ತಿದ್ದಿದೆವು. ಕಾರ್ಯದರ್ಶಿಯ ಸ್ಥಾನವನ್ನು ನಾನು ಬಿಟ್ಟುಕೊಟ್ಟೆ. ಈಗ ಆ ಕೆಲಸವನ್ನು ಮಾಡುತ್ತಿರುವುದು ಅಂದು ಬೀಗ ಒಡೆದವರಲ್ಲಿ ಒಬ್ಬನು. ನನಗಿಂತ ಚೆನ್ನಾಗಿ ಮಾಡುತ್ತಿದ್ದಾನೆಂದು ಸಂತೋಷದಿಂದ ಹೇಳುತ್ತೇನೆ.

ಈ ಅನುಭವದಿಂದ ನಾನು ಕಂಡುಕೊಂಡ ಮೊದಲನೆಯ ತತ್ತ್ವ ಇದು: ದಂಡೆ ಎಲ್ಲರದು. ಇದು ನನ್ನ ಮಾತಷ್ಟೇ ಅಲ್ಲ. ಹಿಮಾಚಲ ಪ್ರದೇಶದ ಬಿಯಾಸ್ ನದಿಯ ಮೊಕದ್ದಮೆಯೊಂದರಲ್ಲಿ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಹರಿಯುವ ನೀರು, ಕಡಲ ತೀರ ಮೊದಲಾದುವು ಜನರ ಸ್ವತ್ತು, ಸರಕಾರವು ಅವುಗಳ ಧರ್ಮದರ್ಶಿ ಮಾತ್ರ ಎಂದು ಸಾರಿತು. ಸರಕಾರಕ್ಕೇ ಇಲ್ಲದ ಒಡೆತನ ಸಂಘಕ್ಕೆ ಎಲ್ಲಿಂದ ಬಂದೀತು?

ಎರಡನೆಯದು, ಕಾನೂನಿನ ತಿಳಿವಳಿಕೆ. 1986ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಕೇಂದ್ರ ಸರಕಾರವು 1991ರ ಫೆಬ್ರವರಿ 19ರಂದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಹೊರಡಿಸಿ, ಉಬ್ಬರದ ರೇಖೆಯಿಂದ 500 ಮೀಟರ್‌ವರೆಗಿನ ನೆಲದ ಮೇಲೆ ನಿರ್ಬಂಧಗಳನ್ನು ವಿಧಿಸಿತು. ಅದನ್ನು ಜಾರಿಗೊಳಿಸದೆ ಇದ್ದಾಗ, ಸ್ವಯಂಸೇವಾ ಸಂಸ್ಥೆಯೊಂದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ 1996ರ ಏಪ್ರಿಲಿನಲ್ಲಿ ತನ್ನ ಪರವಾಗಿ ನಿರ್ದೇಶನ ಪಡೆಯಿತು. 2011ರಲ್ಲಿ ಹೊಸ ಅಧಿಸೂಚನೆ ಬಂತು. 2019ರ ಜನವರಿ 18ರಂದು ಮತ್ತೊಂದು. ಈ ಕೊನೆಯದರ ಪ್ರಕಾರ, ಜನರು ದಟ್ಟವಾಗಿರುವ ಗ್ರಾಮಗಳಲ್ಲಿ, ಎಂದರೆ 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಮಂದಿ ಇರುವಲ್ಲಿ, ಕಟ್ಟಡ ನಿಷೇಧದ ಪಟ್ಟಿ 200 ಮೀಟರಿನಿಂದ 50 ಮೀಟರಿಗೆ ಇಳಿಯಬಹುದು. ಉಳಿದೆಡೆ 200 ಮೀಟರೇ. ತನ್ನ ಊರು ಯಾವ ವಿಭಾಗಕ್ಕೆ ಸೇರಿದೆ ಎಂಬುದನ್ನು ತಿಳಿಯದೆ ಸಾಲ ಮಾಡಿ ಮನೆಗೆ ಅಡಿಪಾಯ ಹಾಕಿದವನ ಸಂಕಟವನ್ನು ನೀವೆಲ್ಲ ಕಂಡಿದ್ದೀರಿ. ಕರಾವಳಿಯ ನಕ್ಷೆಯ ಕರಡನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳುವ ಪದ್ಧತಿಯಿದೆ. ದೊಡ್ಡ ಯೋಜನೆಗಳಿಗೆ 2006ರ ಅಧಿಸೂಚನೆಯಂತೆ ಕನಿಷ್ಠ 30 ದಿನ ಮೊದಲೇ ತಿಳಿಸಿ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. 2005ರ ಮಾಹಿತಿ ಹಕ್ಕು ಕಾಯಿದೆಯಂತೆ 30 ದಿನಗಳೊಳಗೆ ಉತ್ತರ ಕೇಳಬಹುದು. ಇಷ್ಟು ದ್ವಾರಗಳು ತೆರೆದಿದ್ದರೂ ಒಬ್ಬೊಬ್ಬನೇ ಹೋದರೆ ಒಂದು ಅರ್ಜಿ; ಸಂಘವಾಗಿ ಹೋದರೆ ಊರಿನ ಧ್ವನಿ. ಸಂಘದಲ್ಲಿ ಒಬ್ಬರಾದರೂ ಈ ಕಾಗದಗಳನ್ನು ಓದಿ, ಉಳಿದವರಿಗೆ ಸರಳ ಮಾತಿನಲ್ಲಿ ತಿಳಿಸುವ ಹೊಣೆ ಹೊರಬೇಕು; ಗ್ರಾಮಸಭೆಗೆ ತಪ್ಪದೆ ಹೋಗಬೇಕು.

ಮೂರನೆಯದು, ದಿನನಿತ್ಯದ ಕೆಲಸ. ಮಳೆಗಾಲಕ್ಕೆ ಮೊದಲೇ ಒಂಟಿ ವೃದ್ಧರ, ಗರ್ಭಿಣಿಯರ ಪಟ್ಟಿ ಮಾಡಿ, ಯಾರ ಮನೆಗೆ ಯಾರು ಓಡಬೇಕೆಂದು ನಿಶ್ಚಯಿಸಬೇಕು. ಬೀಗ ಹಾಕಿದ ಮನೆಗಳ ಕೀಲಿಕೈ ಊರಿನಲ್ಲಿಯೇ ಒಬ್ಬರ ಬಳಿ ಇರಬೇಕು. ಹೊಯಿಗೆಯನ್ನು ಹಿಡಿದಿಡುವ ಅಡುಂಬು ಬಳ್ಳಿಯನ್ನೂ ಕೇದಗೆಯನ್ನೂ ಕಳೆಯೆಂದು ಕಿತ್ತೆಸೆಯದಂತೆ ಮಕ್ಕಳಿಗೆ ಕಲಿಸಬೇಕು. ಆಮೆಗಳು ಮೊಟ್ಟೆಯಿಡುವ ಚಳಿಗಾಲದ ತಿಂಗಳುಗಳಲ್ಲಿ ದಂಡೆಯ ಕಡೆಗಿರುವ ಕಣ್ಣು ಕೋರೈಸುವ ದೀಪಗಳನ್ನು ರಾತ್ರಿ ಆರಿಸಬೇಕು. ಮರಿಗಳು ಕಡಲಿನ ಹೊಳಪನ್ನು ನೋಡಿಕೊಂಡು ನೀರಿಗಿಳಿಯುವ ಜೀವಿಗಳು, ಬೇರೆ ಬೆಳಕು ಕಂಡರೆ ದಾರಿತಪ್ಪುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳು ಕಡಲಿಗಿಳಿಯದ ಎರಡು ತಿಂಗಳು ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟ. ಆ ಮನೆಗಳನ್ನು ಗೌರವಕ್ಕೆ ಕುಂದುಬಾರದಂತೆ ನೆನೆಯುವುದೂ ನೆರೆಕರೆಯ ಕರ್ತವ್ಯ.

ನಾಲ್ಕನೆಯದು ಲೆಕ್ಕ. ಸಂಘಗಳು ಹೊರಗಿನ ಶತ್ರುವಿನಿಂದ ಅಳಿದದ್ದು ಕಡಿಮೆ, ಬರೆಯದ ಲೆಕ್ಕದಿಂದ ಅಳಿದದ್ದು ಹೆಚ್ಚು. ಹತ್ತು ರೂಪಾಯಿಯ ಚಂದಾಕ್ಕೂ ರಶೀದಿ ಕೊಡಿ. ವರ್ಷದ ಜಮಾ ಖರ್ಚನ್ನು ಓದಲು ಬಾರದವರಿಗೂ ತಿಳಿಯುವಂತೆ ಸಭೆಯಲ್ಲಿ ಗಟ್ಟಿಯಾಗಿ ಓದಿ. ರಂಪಣಿಯ ಮೀನನ್ನು ಎಲ್ಲರ ಕಣ್ಣೆದುರಿಗೆ ಹಂಚುತ್ತಿದ್ದ ಹಿರಿಯರಿಗೆ ಈ ಗುಟ್ಟು ಗೊತ್ತಿತ್ತು.

ಕೊನೆಯದಾಗಿ, ಈ ಸಭೆಯಲ್ಲಿ ಹೇಳಲೇಬೇಕಾದ ಮಾತೊಂದಿದೆ. ಇಂಥ ಸಂಘವನ್ನು ಇಗರ್ಜಿಯ ಆಶ್ರಯದಲ್ಲಿಯೇ ಸ್ಥಾಪಿಸೋಣವೆಂದು ಕೆಲವು ಮಿತ್ರರು ಪ್ರೀತಿಯಿಂದ ಸೂಚಿಸಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಇಗರ್ಜಿಗೆ ಅದರದೇ ಸಂಘಸಂಸ್ಥೆಗಳಿವೆ, ಅವು ಬೆಳಗಲಿ. ಆದರೆ ನೆರೆಕರೆಯ ಸಂಘ ಊರಿನದಾಗಬೇಕು. ಕಡಲು ಉಕ್ಕಿದ ರಾತ್ರಿ ಯಾರೂ ಯಾರ ಧರ್ಮವನ್ನೂ ಕೇಳಲಿಲ್ಲ. ಹಗಲಿನ ಸಭೆಯಲ್ಲಿ ನಾವು ಕೇಳುವುದು ನ್ಯಾಯವಲ್ಲ. ಸಭೆ ಸೇರಲು ನಮ್ಮ ಶಾಲೆಯ ಜಗಲಿಯನ್ನು ಕೊಡೋಣ, ಆದರೆ ಕುರ್ಚಿಯನ್ನು ನಮಗೇ ಕಾದಿರಿಸಿಕೊಳ್ಳುವುದು ಬೇಡ.

ಬಂಧುಗಳೇ, ನೂರು ವರ್ಷಗಳ ಹಿಂದೆ ಈ ದೇವಾಲಯವನ್ನು ಕಟ್ಟಿದವರು ಶ್ರೀಮಂತರಲ್ಲ. ತಮ್ಮ ತಮ್ಮ ಮನೆಯ ಕೆಲಸ ಬಿಟ್ಟು ಮುರಕಲ್ಲು ಹೊತ್ತ ಸಾಮಾನ್ಯ ಜನರು. ಅವರ ಮೊಮ್ಮಕ್ಕಳಾದ ನಮ್ಮಿಂದ ಈ ಹಬ್ಬದ ನೆನಪಿಗಾಗಿ ಇನ್ನೊಂದು ಕಲ್ಲಿನ ಕಮಾನು ಆಗಲೇಬೇಕೆಂದಿಲ್ಲ. ಬರುವ ಭಾನುವಾರ ಸಂಜೆ ನಾಲ್ಕು ಗಂಟೆಗೆ ಶಾಲೆಯ ಜಗಲಿಯಲ್ಲಿ ದಂಡೆಯ ಮೂರು ವಾಡೆಗಳ ಜನರು ಸೇರುವರೆಂದು ನೆರೆಯ ಗುರಿಕಾರರೊಡನೆ ಮಾತಾಗಿದೆ. ಕಾನೂನಿಗೆ ಬೇಕಾದುದು ಏಳೇ ಸಹಿ. ಊರಿಗೆ ಬೇಕಾದುದು ಅದಕ್ಕಿಂತ ಹೆಚ್ಚು. ದಯಮಾಡಿ ಬನ್ನಿ, ಬರುವಾಗ ಪಕ್ಕದ ಮನೆಯವರನ್ನೂ ಕರೆದುಕೊಂಡು ಬನ್ನಿ.

 ದೇವರು ನಮ್ಮ ದಂಡೆಯನ್ನೂ ಅದರ ಮೇಲಿರುವ ಎಲ್ಲ ಮನೆಗಳನ್ನೂ ಕಾಪಾಡಲಿ.